ತೂಗಬೇಕೋ, ಹೊಡೆತ ಹಿಡಿಯಬೇಕೋ, ಮುಟ್ಟಿದ್ದು ತಿಳಿದರೆ ಸಾಕೋ: ಬಲ ಅಳೆಯುವ ಸೆನ್ಸರ್ ಆರಿಸುವ ಬಗೆ

ಹೋದ ವರ್ಷ ಎಂಜಿನಿಯರಿಂಗ್ ಓದುವ ಇಬ್ಬರು ಹುಡುಗರು ಒಂದು ರಟ್ಟಿನ ಡಬ್ಬ ಹಿಡಿದುಕೊಂಡು ನಮ್ಮ ವರ್ಕ್‌ಶಾಪಿಗೆ ಬಂದರು. ಕೊನೆಯ ವರ್ಷದ ಪ್ರಾಜೆಕ್ಟು: ಅಡುಗೆ ಗ್ಯಾಸ್ ಎಷ್ಟು ಉಳಿದಿದೆ ಎಂದು ಮೊಬೈಲಿಗೆ ಸುದ್ದಿ ಕಳಿಸುವ ಮಣೆ. ಮಣೆಯ ಕೆಳಗೆ ನಾಲ್ಕು ಮೂಲೆಗೂ ನಾಣ್ಯದಷ್ಟು ಅಗಲದ, ಕಾಗದದಷ್ಟು ತೆಳ್ಳಗಿನ ಬಿಲ್ಲೆ ಅಂಟಿಸಿದ್ದರು. "ಸಾರ್, ರಾತ್ರಿ ಮಲಗೋವಾಗ ಗ್ಯಾಸ್ 9 ಕೆ.ಜಿ. ತೋರಿಸ್ತಿತ್ತು. ಬೆಳಗ್ಗೆ ಎದ್ದು ನೋಡಿದ್ರೆ 11 ಆಗಿದೆ. ಒಲೆ ಹಚ್ಚೇ ಇಲ್ಲ" ಅಂದ ಒಬ್ಬ.

"ಹಾಗಾದ್ರೆ ಪೇಟೆಂಟ್ ಮಾಡಿಸ್ಕೊಳ್ರಪ್ಪಾ, ಗ್ಯಾಸ್ ತಾನಾಗೇ ಹುಟ್ಟುತ್ತೆ" ಅಂದೆ. ನಕ್ಕರು, ಆದರೆ ಮುಖದಲ್ಲಿ ನಗುವಿರಲಿಲ್ಲ. ಮಾರನೇ ವಾರ ವೈವಾ ಇತ್ತು.

ಅವರ ಪ್ರೋಗ್ರಾಂ ಸರಿಯಿತ್ತು, ವೈರಿಂಗೂ ಸರಿಯಿತ್ತು. ಸೆನ್ಸರ್ ಕೂಡ ಕೆಟ್ಟದ್ದಲ್ಲ, ಮಾಡಬಾರದ ಕೆಲಸಕ್ಕೆ ಅದನ್ನು ಹಚ್ಚಿದ್ದರು, ಅಷ್ಟೇ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕೇಳುವ ಮೊದಲ ಮಾತು "ಯಾವುದು ಹೆಚ್ಚು ಅಕ್ಯುರೇಟ್?" ಎಂದು. ನಾನು ತಿರುಗಿಸಿ ಕೇಳುತ್ತೇನೆ: ನಿಮ್ಮ ಬಲ ಸುಮ್ಮನೆ ಕೂತಿರುತ್ತದೋ, ಹೊಡೆದು ಹೋಗುತ್ತದೋ, ಅಥವಾ ಬಂತೋ ಇಲ್ಲವೋ ಎಂದು ತಿಳಿದರೆ ಸಾಕೋ? ಅಂಗಡಿಯ ತಕ್ಕಡಿ, ಸೈಲೋ (ಕಾಳು, ಸಿಮೆಂಟು ತುಂಬಿಡುವ ಎತ್ತರದ ಡಬ್ಬ), ಲಾರಿ ತೂಗುವ ವೇ ಬ್ರಿಡ್ಜ್, ಗ್ಯಾಸ್ ಸಿಲಿಂಡರ್ ಇವೆಲ್ಲ ಕೂತ ಬಲ. ಪ್ರೆಸ್ಸಿನ ಏಟು, ಸುತ್ತಿಗೆಯ ಪೆಟ್ಟು, ಎಂಜಿನ್ ಒಳಗಿನ ಸ್ಫೋಟ ಹೊಡೆತದ ಬಲ. ಸೀಟಿನಲ್ಲಿ ಯಾರಾದರೂ ಕೂತಿದ್ದಾರೋ, ಬಟನ್ ಒತ್ತಿದರೋ ಎಂಬುದು ಮೂರನೆಯ ಜಾತಿ. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಉಳಿದರ್ಧ, ಬಲ ಯಾವ ದಾರಿಯಲ್ಲಿ ಸೆನ್ಸರಿಗೆ ಬಂದು ಸೇರುತ್ತದೆ ಎನ್ನುವುದು. ಕಂಪನಿ ಕೊಡುವ ವಿವರದ ಹಾಳೆ, ಅಂದರೆ ಡೇಟಾಶೀಟಿನ ಅಂಕಿಗಳ ಸರದಿ ಇವೆರಡರ ನಂತರ.

ಕೂತ ಬಲಕ್ಕೆ: ಸ್ಟ್ರೈನ್ ಗೇಜಿನ ಲೋಡ್ ಸೆಲ್

ಬಲವನ್ನು ನೇರವಾಗಿ ಕಂಡವರು ಯಾರೂ ಇಲ್ಲ. ಅದು ಮಾಡಿದ ಕೆಲಸವನ್ನು ನೋಡಿಯೇ ಅಳೆಯಬೇಕು. ಸ್ಪ್ರಿಂಗ್ ತಕ್ಕಡಿಯಲ್ಲಿ ಮುಳ್ಳು ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ. ಲೋಡ್ ಸೆಲ್ ಕೂಡ ಸ್ಪ್ರಿಂಗೇ, ಆದರೆ ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಗಟ್ಟಿ ತುಂಡು. ಅದರ ಬಾಗು ಕಣ್ಣಿಗೆ ಕಾಣದಷ್ಟು ಸಣ್ಣದು. ಆ ತುಂಡಿನ ಮೇಲೆ ಹಾವಿನಂತೆ ಹಿಂದೆ ಮುಂದೆ ಮಡಚಿದ ಲೋಹದ ತೆಳು ಗೆರೆಯನ್ನು ಅಂಟಿಸಿರುತ್ತಾರೆ. ಅದೇ ಸ್ಟ್ರೈನ್ ಗೇಜ್. ತುಂಡು ಹಿಗ್ಗಿದರೆ ಗೆರೆಯೂ ಹಿಗ್ಗಿ, ತೆಳ್ಳಗಾಗಿ, ಅದರ ರೆಸಿಸ್ಟೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ತುಸು ಏರುತ್ತದೆ. ಕುಗ್ಗಿದರೆ ಇಳಿಯುತ್ತದೆ.

ತುಸು ಎಂದರೆ ಎಷ್ಟು? ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಮುಂದಿನ ಎಲ್ಲ ತಲೆನೋವಿನ ಬೇರು ಅಲ್ಲೇ ಇದೆ. ಪೂರ್ತಿ ಭಾರ ಬಿದ್ದಾಗ ಲೋಹ ಸುಮಾರು ಸಾವಿರದಲ್ಲಿ ಒಂದು ಪಾಲು ಹಿಗ್ಗುವಂತೆ ಮಾಡಿರುತ್ತಾರೆ. ಮೂರು ಮಿಲಿಮೀಟರ್ ಉದ್ದದ ಗೇಜ್ ಮೂರು ಮೈಕ್ರಾನ್ ಹಿಗ್ಗುತ್ತದೆ. ಲೋಹದ ಗೇಜಿನಲ್ಲಿ ರೆಸಿಸ್ಟೆನ್ಸ್ ಬದಲಾಗುವುದು ಹಿಗ್ಗಿದ ಪಾಲಿನ ಸುಮಾರು ಎರಡರಷ್ಟು. 350 ಓಮ್ ಇದ್ದದ್ದು 350.7 ಆಗುತ್ತದೆ. ಇಷ್ಟನ್ನು ಹಿಡಿಯಲು ನಾಲ್ಕು ಗೇಜುಗಳನ್ನು ಚೌಕದಂತೆ ಜೋಡಿಸುತ್ತಾರೆ, ಎರಡು ಹಿಗ್ಗುವ ಕಡೆ, ಎರಡು ಕುಗ್ಗುವ ಕಡೆ. ಕಾಲೇಜಿನಲ್ಲಿ ಓದಿದ ವೀಟ್‌ಸ್ಟನ್ ಬ್ರಿಡ್ಜ್ ಇದೇ. ಇದಕ್ಕೆ 10 ವೋಲ್ಟ್ ಕೊಟ್ಟರೆ ಪೂರ್ತಿ ಭಾರದಲ್ಲಿ ಹೊರಗೆ ಬರುವುದು 20 ಮಿಲಿವೋಲ್ಟ್. ಲೋಡ್ ಸೆಲ್ಲಿನ ಮೇಲೆ "ವೋಲ್ಟಿಗೆ 2 ಮಿಲಿವೋಲ್ಟ್" ಎಂದು ಬರೆದಿರುವುದರ ಅರ್ಥ ಇಷ್ಟೇ. ನಾಲ್ಕೂ ಗೇಜುಗಳಿಗೆ ಒಂದೇ ಬಿಸಿ ತಾಗುವುದರಿಂದ ಬಿಸಿಲಿನಿಂದಾಗುವ ಬದಲಾವಣೆ ಬಹುಪಾಲು ತಂತಾನೇ ಕಳೆದುಹೋಗುತ್ತದೆ. ಬ್ರಿಡ್ಜಿನ ದೊಡ್ಡ ಉಪಕಾರ ಅದೇ.

ತಂತಿ ಎಳೆದರೆ ರೆಸಿಸ್ಟೆನ್ಸ್ ಬದಲಾಗುತ್ತದೆ ಎಂದು ಕೆಲ್ವಿನ್ 1856ರಲ್ಲೇ ತೋರಿಸಿದ್ದರೂ, ತಂತಿಯನ್ನು ಅಂಟಿಸಿ ಅಳೆಯುವ ಗೇಜ್ ಬಂದದ್ದು 1938ರಲ್ಲಿ. ಅಮೆರಿಕದ ಎರಡು ತುದಿಗಳಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರು ಅದನ್ನು ಮಾಡಿದರು: ಕ್ಯಾಲ್‌ಟೆಕ್‌ನಲ್ಲಿ ಎಡ್ವರ್ಡ್ ಸಿಮನ್ಸ್, ಎಂಐಟಿಯಲ್ಲಿ ಆರ್ಥರ್ ರೂಜ್. ಭೂಕಂಪದಲ್ಲಿ ನೀರಿನ ಟ್ಯಾಂಕ್ ಹೇಗೆ ನಲುಗುತ್ತದೆ ಎಂದು ಸಣ್ಣ ಮಾದರಿಯ ಮೇಲೆ ಅಳೆಯಲು ಹೋಗಿ ರೂಜ್‌ಗೆ ಇದು ಹೊಳೆಯಿತು. ಇದರಿಂದ ದೊಡ್ಡ ವ್ಯಾಪಾರವೇನೂ ಆಗಲಾರದು ಎಂದುಕೊಂಡ ಎಂಐಟಿಯ ಸಮಿತಿ ಹಕ್ಕನ್ನು ಅವರಿಗೇ ಬಿಟ್ಟುಕೊಟ್ಟಿತಂತೆ. ಇವತ್ತು ಕಿರಾಣಿ ಅಂಗಡಿಯ ತಕ್ಕಡಿಯಿಂದ ಹಿಡಿದು ಲಾರಿ ತೂಗುವ ವೇ ಬ್ರಿಡ್ಜಿನವರೆಗೆ ಎಲ್ಲ ಕಡೆ ಅದೇ ಗೇಜ್ ಕೂತಿದೆ.

ಕೂತ ಬಲಕ್ಕೆ ಇದನ್ನು ಮೀರಿಸುವುದು ಸುಲಭವಲ್ಲ. ಒಳ್ಳೆಯ ಸೆಲ್ಲಿನ ಒಟ್ಟು ತಪ್ಪು ಪೂರ್ತಿ ಸಾಮರ್ಥ್ಯದ ಶೇ. 0.02ರ ಆಸುಪಾಸು. ಅರ್ಧ ಗಂಟೆ ಭಾರ ಹೊತ್ತು ನಿಂತರೂ ಅಂಕಿ ಹೆಚ್ಚು ಜರುಗುವುದಿಲ್ಲ. ಹುಡುಗರ ಗ್ಯಾಸ್ ಮಣೆಗೆ ನಾನು ಹಾಕಿಸಿದ್ದೂ ಇದನ್ನೇ: ಬಾತ್‌ರೂಮ್ ತಕ್ಕಡಿಯಲ್ಲಿ ಇರುವಂಥ, ಮೂರು ತಂತಿಯ, ತಲಾ 50 ಕೆ.ಜಿ.ಯ ನಾಲ್ಕು ಸೆಲ್. ಅವು ಒಂದೊಂದೂ ಅರ್ಧ ಬ್ರಿಡ್ಜ್, ನಾಲ್ಕು ಸೇರಿದರೆ ಒಂದು ಪೂರ್ತಿ ಬ್ರಿಡ್ಜ್. ಸಿಲಿಂಡರ್ ಖಾಲಿ ಇದ್ದರೂ 15–16 ಕೆ.ಜಿ., ತುಂಬಿದಾಗ ಇನ್ನೊಂದು 14.2 ಸೇರುತ್ತದೆ. ನಾಲ್ಕು ಕಾಲಿಗೆ ಹಂಚಿದರೆ ಯಾವುದಕ್ಕೂ ಹೊರೆಯಲ್ಲ. ಒಟ್ಟು ಖರ್ಚು ಕೆಲವು ನೂರು ರೂಪಾಯಿ.

ಬಲ ಬರುವ ದಾರಿ

ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಅಂಗಳದಲ್ಲಿ ವೇ ಬ್ರಿಡ್ಜ್ ಇತ್ತು. ಮಳೆಗಾಲದಲ್ಲಿ ಮಾತ್ರ ತೂಕ ಕಡಿಮೆ ಬರುತ್ತಿತ್ತು. ಜೋಳ ತಂದ ರೈತರಿಗೆ ಅನುಮಾನ, ವ್ಯಾಪಾರಿಗೆ ಅವಮಾನ. ನಾನು ಹೋಗುವ ಮೊದಲೇ ಒಬ್ಬರು ಮೆಕ್ಯಾನಿಕ್ ಎರಡು ಲೋಡ್ ಸೆಲ್ ಬದಲಾಯಿಸಿ ಬಿಲ್ಲೂ ಕೊಟ್ಟಿದ್ದರು. ನಾನು ಹೋಗಿ ತೂಕ ತೋರಿಸುವ ಇಂಡಿಕೇಟರ್ ಕಡೆ ನೋಡದೆ ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟೆ. ಲಾರಿ ಹತ್ತುವ ತುದಿಯಲ್ಲಿ ಡೆಕ್ಕಿಗೂ (ಲಾರಿ ನಿಲ್ಲುವ ವೇದಿಕೆ) ಕಾಂಕ್ರೀಟ್ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಸಂದು ಇರಬೇಕು. ಅಲ್ಲಿ ಟಯರಿನಿಂದ ಉದುರಿದ ಕೆಂಪು ಮಣ್ಣು, ಜಲ್ಲಿ, ಜೋಳದ ಕಾಳು ಎಲ್ಲ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಲಾರಿ ನಿಂತಾಗ ಭಾರದ ಒಂದು ಪಾಲು ಆ ಮಣ್ಣಿನ ಮೂಲಕ ನೇರ ಗೋಡೆಗೆ ಹೋಗುತ್ತಿತ್ತು. ಸೆಲ್ಲಿಗೆ ಮುಟ್ಟದ ಭಾರವನ್ನು ಸೆಲ್ ಹೇಗೆ ತೋರಿಸೀತು? ಹಾರೆಯಿಂದ ಕೆದಕಿ, ಪೈಪ್ ಹಿಡಿದು ನೀರು ಬಿಟ್ಟೆವು, ಅಷ್ಟೇ ರಿಪೇರಿ. ಎರಡು ಹೊಸ ಸೆಲ್ಲಿನ ದುಡ್ಡು ದಂಡ.

ಅದಕ್ಕೇ ಹೇಳುವುದು, ಸೆಲ್ಲಿನ ಆಕಾರವನ್ನು ಬಲದ ದಾರಿ ನೋಡಿ ಆರಿಸಬೇಕು ಎಂದು. ಅಂಗಡಿ ತಕ್ಕಡಿಯಲ್ಲಿರುವುದು ಸಿಂಗಲ್ ಪಾಯಿಂಟ್ ಸೆಲ್, ನಡುವೆ ಕನ್ನಡಕದಂತೆ ಎರಡು ತೂತು ಸೇರಿದ ಅಲ್ಯೂಮಿನಿಯಂ ಪಟ್ಟಿ. ತಟ್ಟೆಯ ಯಾವ ಮೂಲೆಯಲ್ಲಿ ಟೊಮೆಟೊ ಇಟ್ಟರೂ ಒಂದೇ ತೂಕ ಬರುವಂತೆ ಅದರ ಮೂಲೆಗಳನ್ನು ಅರೆದು ಹೊಂದಿಸಿರುತ್ತಾರೆ. ಒಂದೇ ಸೆಲ್ಲಿನಲ್ಲಿ ಒಂದು ತಟ್ಟೆಯ ಕೆಲಸ ಮುಗಿಯಬೇಕಾದರೆ ಇದನ್ನೇ ತೆಗೆದುಕೊಳ್ಳಿ, ಬೇರೆ ಯೋಚನೆ ಬೇಡ. ಆದರೆ ಸೆಲ್ ಹೇಳಿದ ಅಳತೆಗಿಂತ ದೊಡ್ಡ ತಟ್ಟೆ ಹಾಕಬಾರದು.

ತೂಗುಹಾಕುವುದಾದರೆ, ಎಳೆಯುವುದಾದರೆ ಎಸ್ ಆಕಾರದ ಸೆಲ್. ಹಗ್ಗ, ಸರಪಳಿ, ಸ್ಪ್ರಿಂಗ್ ಪರೀಕ್ಷೆ, ಎಳೆದು ಹರಿಯುವ ಪರೀಕ್ಷೆಗೆಲ್ಲ ಅದು. ಎರಡೂ ತುದಿಗೆ ತಿರುಗುವ ಕೊಂಡಿ ಹಾಕಲೇಬೇಕು. ನೇರ ಬೋಲ್ಟ್ ಹಾಕಿ ಬಿಗಿದರೆ ಎಳೆತದ ಜೊತೆ ತಿರುಚೂ ಸೇರಿ ಸುಳ್ಳು ಹೇಳಲು ಶುರುಮಾಡುತ್ತದೆ. ಸೈಲೋ, ಹಾಪರ್ (ಮಾಲು ಸುರಿಯುವ ಲಾಳಿಕೆಯಂಥ ಡಬ್ಬ), ಪ್ಲಾಟ್‌ಫಾರಂ ತಕ್ಕಡಿಯ ಕಾಲುಗಳಿಗೆ ಶಿಯರ್ ಬೀಮ್, ಒಂದು ತುದಿ ಬಿಗಿದು ಇನ್ನೊಂದು ತುದಿಗೆ ಭಾರ ಬೀಳುವ ಪಟ್ಟಿ. ಇದು ಪಕ್ಕದಿಂದ ಬರುವ ನೂಕನ್ನು ಕೊಂಚ ತಾಳಿಕೊಳ್ಳುತ್ತದೆ. ವೇ ಬ್ರಿಡ್ಜಿಗೆ ಅಡ್ಡ ಮಲಗಿಸುವ ಎರಡು ತುದಿಯ ಬೀಮ್, ಇಲ್ಲವೇ ನಿಂತ ಕಂಬದಂಥ ಸೆಲ್. ಕಂಬದ ಸೆಲ್ಲಿನ ತಲೆ, ಬುಡ ಎರಡೂ ಗುಂಡಗಿರುತ್ತವೆ. ಬಿಸಿಲಿಗೆ ಡೆಕ್ ಹಿಗ್ಗಿ ಸ್ವಲ್ಪ ವಾಲಿದರೂ ತಾನಾಗಿ ನೆಟ್ಟಗಾಗಲಿ ಎಂದು.

ಪಕ್ಕದ ಬಲ, ತಿರುಚು ಎಲ್ಲವನ್ನೂ ಬೇಡವೆಂದು ತಳ್ಳುವ ಬದಲು ಬೇಕೆಂದೇ ಅಳೆಯುವ ಕಡೆಯೂ ಉಂಟು. ಬೆಂಗಳೂರಿನ ಎನ್‌ಎಎಲ್‌ನಲ್ಲಿ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) 1967ರಿಂದ ನಡೆಯುತ್ತಿರುವ 1.2 ಮೀಟರ್ ಗಾಳಿ ಸುರಂಗದಲ್ಲಿ ವಿಮಾನದ ಮಾದರಿಯ ಹೊಟ್ಟೆಯೊಳಗೆ ಗೇಜ್ ಅಂಟಿಸಿದ ಬ್ಯಾಲೆನ್ಸ್ ಕೂರಿಸಿ ಎತ್ತುವ ಬಲ, ಹಿಂದಕ್ಕೆಳೆಯುವ ಬಲ, ಅಡ್ಡ ಬಲ, ಜೊತೆಗೆ ಮೂರು ದಿಕ್ಕಿನ ತಿರುಚನ್ನೂ ಬೇರೆ ಬೇರೆಯಾಗಿ ತೆಗೆಯುತ್ತಾರೆ. ರೋಬೋಟಿನ ಮಣಿಕಟ್ಟಿಗೆ ಹಾಕುವ ಆರು ದಿಕ್ಕಿನ ಸೆನ್ಸರೂ ಇದೇ ಕುಲದ್ದು. ಬೆಲೆ ಕೇಳಿದರೆ ಕುರ್ಚಿ ಹುಡುಕಬೇಕಾಗುತ್ತದೆ. ಬಲ ಒಂದೇ ದಿಕ್ಕಿನದ್ದಾದರೆ ಅದರ ಹತ್ತಿರ ಸುಳಿಯಬೇಡಿ.

ಹೊಡೆತಕ್ಕೆ: ಪೀಝೋ

ಅಡುಗೆಮನೆಯ ಗ್ಯಾಸ್ ಲೈಟರ್ ಕೈಗೆ ತೆಗೆದುಕೊಳ್ಳಿ. ಕಟ್ ಎಂದು ಒತ್ತಿದ ಕೂಡಲೇ ಕಿಡಿ. ಒತ್ತಿದ ಹೆಬ್ಬೆರಳನ್ನು ಹಾಗೇ ಹಿಡಿದುಕೊಳ್ಳಿ, ಕಿಡಿಯಿಲ್ಲ. ಒಳಗಿನ ಹರಳಿಗೆ ಸಣ್ಣ ಸುತ್ತಿಗೆ ಬಡಿದಾಗ ವಿದ್ಯುತ್ ಹುಟ್ಟುತ್ತದೆ, ಸುಮ್ಮನೆ ಒತ್ತಿಕೊಂಡಿದ್ದರೆ ಹೊಸದಾಗಿ ಹುಟ್ಟುವುದಿಲ್ಲ, ಹುಟ್ಟಿದ್ದೂ ಸೋರಿಹೋಗುತ್ತದೆ. ಇಂಥ ಹರಳಿನಿಂದ ಮಾಡಿದ ಪೀಝೋ ಸೆನ್ಸರಿನ ಗುಣವೂ ದೋಷವೂ ಲೈಟರಿನಲ್ಲೇ ಇದೆ.

ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಇದನ್ನು ಕಂಡದ್ದು 1880ರಲ್ಲಿ. ಸ್ಫಟಿಕ ಶಿಲೆಯ ಬಿಲ್ಲೆಯೊಂದಕ್ಕೆ ಒಂದು ನ್ಯೂಟನ್ ಬಲ ಬಿದ್ದರೆ ಹುಟ್ಟುವ ವಿದ್ಯುದಂಶ ಎರಡು ಚಿಲ್ಲರೆ ಪಿಕೋಕೂಲಂಬ್. ಅದನ್ನು ಸೋರದಂತೆ ಹಿಡಿದು ವೋಲ್ಟೇಜಾಗಿ ಮಾಡಲು ಚಾರ್ಜ್ ಆಂಪ್ಲಿಫಯರ್ ಎಂಬ ಬೇರೆ ಪೆಟ್ಟಿಗೆ ಬೇಕು. ಸೆನ್ಸರಿಗಿಂತ ಆ ಪೆಟ್ಟಿಗೆಗೂ ವಿಶೇಷ ಕೇಬಲ್ಲಿಗೂ ಹೆಚ್ಚು ದುಡ್ಡು ಹೋಗುವುದುಂಟು. ಕನೆಕ್ಟರನ್ನು ಬೆವರಿದ ಬೆರಳಿನಲ್ಲಿ ಮುಟ್ಟಿದರೂ ಸೋರಿಕೆ ಶುರು. ಒಟ್ಟು ಲೆಕ್ಕ ಸಾವಿರದ್ದಲ್ಲ, ಲಕ್ಷದ್ದು.

ಇದಕ್ಕೆ ಬದಲಾಗಿ ಸಿಗುವುದು ಬಿರುಸು. ಹರಳು ಹೆಚ್ಚುಕಡಿಮೆ ಬಾಗುವುದೇ ಇಲ್ಲ. ಆದ್ದರಿಂದ ಸೆಕೆಂಡಿಗೆ ಹತ್ತಾರು ಸಾವಿರ ಸಲ ಏರಿಳಿಯುವ ಬಲವನ್ನೂ ಹಿಂಬಾಲಿಸುತ್ತದೆ. ಲೇತಿನಲ್ಲಿ ಟೂಲ್ ಲೋಹವನ್ನು ಕೊರೆಯುವ ಬಲ, ಎಂಜಿನ್ ಸಿಲಿಂಡರಿನ ಒತ್ತಡ, ಬೀಳಿಸಿ ನೋಡುವ ಪರೀಕ್ಷೆ, ಸುತ್ತಿಗೆಯಿಂದ ತಟ್ಟಿ ಕಂಪನ ನೋಡುವ ಪರೀಕ್ಷೆ ಇಲ್ಲೆಲ್ಲ ಇದಕ್ಕೆ ಸಾಟಿಯಿಲ್ಲ.

ಇಲ್ಲೊಂದು ಎಚ್ಚರಿಕೆ. ಪೀಣ್ಯದ ಪ್ರೆಸ್ ಶಾಪ್ ಒಂದರಿಂದ ಫೋನ್ ಬಂತು: 100 ಟನ್ ಪ್ರೆಸ್ಸಿನ ಏಟು ಅಳೆಯಲು ಲೋಡ್ ಸೆಲ್ ಹಾಕಿದ್ದಾರೆ, ಒಂದು ಸಲ 32 ಟನ್ ತೋರಿಸಿದರೆ ಇನ್ನೊಂದು ಸಲ 71, ಮತ್ತೊಂದು ಸಲ 18. "ಲೋಡ್ ಸೆಲ್ ನಿಧಾನ, ಪೀಝೋ ತಗೊಳ್ಳಿ" ಎಂದು ಯಾರೋ ಸಲಹೆ ಕೊಟ್ಟಾಗಿತ್ತು. ಹೋಗಿ ನೋಡಿದರೆ ನಿಧಾನ ಇದ್ದದ್ದು ಸೆಲ್ಲಲ್ಲ, ಅದರ ಇಂಡಿಕೇಟರ್. ಅದು ತೂಕದ ತಕ್ಕಡಿಯ ಇಂಡಿಕೇಟರ್, ಸೆಕೆಂಡಿಗೆ ಹತ್ತು ಸಲ ಓದಿ, ಸರಾಸರಿ ತೆಗೆದು ತೋರಿಸುವಂಥದ್ದು. ಏಟು ಬಿದ್ದು ಮುಗಿಯುವುದು ಕೆಲವೇ ಮಿಲಿಸೆಕೆಂಡಿನಲ್ಲಿ. ಎರಡು ಓದಿನ ನಡುವೆ 100 ಮಿಲಿಸೆಕೆಂಡ್ ಕಣ್ಣು ಮುಚ್ಚಿಕೊಂಡವನಿಗೆ ಮಿಂಚು ಕಂಡರೆ ಅದೃಷ್ಟ. ಪ್ರೆಸ್ಸಿನ ಚೌಕಟ್ಟಿನ ಕಂಬಗಳಿಗೇ ಗೇಜ್ ಅಂಟಿಸಿ, ಸೆಕೆಂಡಿಗೆ ಸಾವಿರಾರು ಸಲ ಓದುವ ಆಂಪ್ಲಿಫಯರ್ ಹಾಕಿದೆವು. ಪ್ರೆಸ್ಸುಗಳಿಗೆ ಇದೇ ವಾಡಿಕೆ. ಏಟೇಟಿಗೂ ಅಂಕಿ ಒಂದಕ್ಕೊಂದು ಹತ್ತಿರ ಬಂತು, ಪೀಝೋ ಬೇಕಾಗಲಿಲ್ಲ. ನನ್ನ ಲೆಕ್ಕದಲ್ಲಿ, ಸೆಕೆಂಡಿಗೆ ಕೆಲವು ನೂರು ಸಲದವರೆಗಿನ ಏರಿಳಿತಕ್ಕೆ ಗೇಜೇ ಸಾಕು. ಅದಕ್ಕಿಂತ ಬಿರುಸಾದರೆ, ಅಥವಾ ಜಾಗ ತೀರಾ ಇಕ್ಕಟ್ಟಾಗಿ ವಾಶರಿನಂತೆ ಬೋಲ್ಟಿನ ಕೆಳಗೆ ಕೂರಿಸಬೇಕಾದರೆ ಪೀಝೋ ಕಡೆ ನೋಡಿ.

ಮುಟ್ಟಿದ ಸುಳಿವಿಗೆ: ಎಫ್‌ಎಸ್‌ಆರ್

ಹುಡುಗರು ಅಂಟಿಸಿದ್ದ ಬಿಲ್ಲೆ ಇದು, ಪೂರ್ತಿ ಹೆಸರು ಫೋರ್ಸ್ ಸೆನ್ಸಿಂಗ್ ರೆಸಿಸ್ಟರ್. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ವಿದ್ಯುತ್ ಹರಿಸುವ ಮಸಿ. ಒತ್ತದೆ ಇದ್ದಾಗ ರೆಸಿಸ್ಟೆನ್ಸ್ ಹತ್ತು ಮೆಗಾಓಮ್ ಮೇಲೆ, ಒತ್ತಿದಂತೆಲ್ಲ ಕಿಲೋಓಮ್‌ಗಳಿಗೆ ಇಳಿಯುತ್ತದೆ. ಆಂಪ್ಲಿಫಯರ್ ಬೇಡ, ಒಂದು ರೆಸಿಸ್ಟರ್ ಸಾಕು, ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನೇರ ಸೇರಿಸಬಹುದು. ಅಗ್ಗ, ತೆಳು, ಹಗುರ. ಚಪ್ಪಲಿಯೊಳಗೆ, ಹಾಸಿಗೆ ಕೆಳಗೆ, ಗ್ಲೌಸಿನ ಬೆರಳ ತುದಿಗೆ ಇದನ್ನು ಬಿಟ್ಟರೆ ಬೇರೇನು ಹೋಗುತ್ತದೆ?

ಆದರೆ ಅಂಕಿ ಕೇಳಬೇಡಿ. ಒತ್ತಿ ಹಿಡಿದರೆ ಮಸಿ ನಿಧಾನಕ್ಕೆ ಇನ್ನಷ್ಟು ಅಮರಿಕೊಂಡು ರೆಸಿಸ್ಟೆನ್ಸ್ ಇಳಿಯುತ್ತಲೇ ಇರುತ್ತದೆ. ರಾತ್ರಿಯಿಡೀ ಗ್ಯಾಸ್ ಹುಟ್ಟಿದ್ದು ಹೀಗೆ. ಒಂದೇ ಪ್ಯಾಕೆಟ್ಟಿನ ಎರಡು ಬಿಲ್ಲೆಗಳೂ ಒಂದೇ ಥರ ಇರುವುದಿಲ್ಲ. ಬೆರಳ ತುದಿಯಿಂದ ಒತ್ತಿದರೆ ಒಂದು, ನಾಣ್ಯ ಇಟ್ಟು ಒತ್ತಿದರೆ ಇನ್ನೊಂದು. "ಹೆಚ್ಚು, ಕಡಿಮೆ, ಇಲ್ಲ" ಎಂಬ ಮೂರು ಮಾತು ಸಾಕಾದರೆ ತೆಗೆದುಕೊಳ್ಳಿ. ಗ್ರಾಂ, ನ್ಯೂಟನ್ ಬೇಕೆಂದರೆ ಬೇಡ.

ಇನ್ನು ಕೆಲವು, ಬೇಗ ಬೇಗ

ಹೈಡ್ರಾಲಿಕ್ ಜಾಕ್ ಇದ್ದಲ್ಲಿ ಬೇರೆ ಸೆನ್ಸರೇ ಬೇಡದಿರಬಹುದು. ಎಣ್ಣೆಯ ಒತ್ತಡವನ್ನು ಪಿಸ್ಟನ್ನಿನ ಹರವಿನಿಂದ ಗುಣಿಸಿದರೆ ಬಲ ಬಂತು. 100 ಮಿಲಿಮೀಟರ್ ವ್ಯಾಸದ ಪಿಸ್ಟನ್, ಗೇಜಿನಲ್ಲಿ 200 ಬಾರ್ ಎಂದರೆ 157 ಕಿಲೋನ್ಯೂಟನ್, ಹತ್ತಿರ ಹತ್ತಿರ 16 ಟನ್. ಕಾಂಕ್ರೀಟ್ ಕ್ಯೂಬ್ ಒಡೆಯುವ ಹಳೆಯ ಮೆಷಿನ್ನುಗಳು ನಡೆದದ್ದೇ ಹೀಗೆ. 150 ಮಿಲಿಮೀಟರಿನ ಎಂ25 ದರ್ಜೆಯ ಕಾಂಕ್ರೀಟ್ ಕ್ಯೂಬ್ ಒಡೆಯಲು ಸುಮಾರು 560 ಕಿಲೋನ್ಯೂಟನ್ ಆದರೂ ಬೇಕು. ಸೀಲಿನ ತಿಕ್ಕಾಟ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ಇದರ ಕೊರತೆ. ಭಾರ ಎತ್ತುವಾಗ ಒಂದು, ಇಳಿಸುವಾಗ ಒಂದು ಅಂಕಿ ಬರುತ್ತದೆ.

ಅಣೆಕಟ್ಟು, ಸುರಂಗ, ಬಂಡೆಗೆ ಹೊಡೆದ ಆಂಕರ್ ಇಂಥ ಕಡೆ ಹತ್ತಾರು ವರ್ಷ ಬಿಟ್ಟು ಬರುವುದಾದರೆ ಕಂಪಿಸುವ ತಂತಿಯ ಸೆಲ್. ತಂಬೂರಿಯ ಬಿರಡೆ ತಿರುಗಿಸಿದರೆ ಶ್ರುತಿ ಏರುವಂತೆ, ಬಲ ಬಿದ್ದು ತಂತಿಯ ಬಿಗಿ ಬದಲಾದರೆ ಅದರ ಕಂಪನದ ಎಣಿಕೆ ಬದಲಾಗುತ್ತದೆ. ಬಿಗಿ ನಾಲ್ಕರಷ್ಟಾದರೆ ಎಣಿಕೆ ಎರಡರಷ್ಟು. ಕೇಬಲ್ ಅರ್ಧ ಕಿಲೋಮೀಟರ್ ಇದ್ದರೂ, ಜಾಯಿಂಟ್ ತುಸು ತುಕ್ಕು ಹಿಡಿದರೂ ಶ್ರುತಿ ಕೆಡುವುದಿಲ್ಲ, ಏಕೆಂದರೆ ಹರಿದು ಬರುವುದು ವೋಲ್ಟೇಜಿನ ಅಳತೆಯಲ್ಲ, ಎಣಿಕೆ. ಬಿರುಸಿನ ಬಲಕ್ಕೆ ಇದು ಆಗದು.

ಸಿಡಿಲು, ಹೈ ವೋಲ್ಟೇಜ್, ರೈಲ್ವೆ ವಿದ್ಯುತ್ ತಂತಿಯ ಪಕ್ಕ ಇಂಥ ಜಾಗಗಳಿಗೆ ಬೆಳಕಿನ ಎಳೆಯ (ಆಪ್ಟಿಕಲ್ ಫೈಬರ್) ಸೆನ್ಸರ್ ಇದೆ. ಒಳ್ಳೆಯದು, ಆದರೆ ಓದುವ ಪೆಟ್ಟಿಗೆ ದುಬಾರಿ. ಹತ್ತಾರು ಜಾಗ ಒಂದೇ ಎಳೆಯಲ್ಲಿ ಅಳೆಯುವುದಿದ್ದರೆ ಮಾತ್ರ ಗಿಟ್ಟುತ್ತದೆ. ಎರಡು ತಟ್ಟೆಗಳ ಸಂದು ಕಿರಿದಾಗುವುದನ್ನು ಅಳೆಯುವ ಕೆಪಾಸಿಟಿವ್ ಸೆನ್ಸರ್ ಎಫ್‌ಎಸ್‌ಆರ್‌ಗಿಂತ ನಂಬಿಗಸ್ಥ. ಸಣ್ಣ ಬಲಕ್ಕೆ, ರೋಬೋಟಿನ ಬೆರಳಿಗೆ ಹೊಂದುತ್ತದೆ. ತೇವಕ್ಕೆ ಮಾತ್ರ ಅಂಜುತ್ತದೆ.

ಎಷ್ಟು ಕೆ.ಜಿ.ಯ ಸೆಲ್?

ಇಲ್ಲಿ ಜನ ಎರಡೂ ಕಡೆ ತಪ್ಪುತ್ತಾರೆ. ಒಂದು ಹಾಪರ್ ಖಾಲಿ 400 ಕೆ.ಜಿ., ಒಳಗೆ ಹಾಕುವ ಮಾಲು 1000 ಕೆ.ಜಿ., ಕಾಲು ಮೂರು ಎಂದಿಟ್ಟುಕೊಳ್ಳಿ. ಕಾಲಿಗೆ 467 ಕೆ.ಜಿ. ಬಿತ್ತು. 500ರ ಸೆಲ್ ಸಾಕು ಎನ್ನಿಸುತ್ತದೆ, ಸಾಲದು. ಮಾಲು ಒಂದೇ ಬದಿಗೆ ಬಿದ್ದರೆ? ಮೇಲಿನಿಂದ ದಬಕ್ಕನೆ ಸುರಿದರೆ? 750 ಅಥವಾ 1000 ತೆಗೆದುಕೊಳ್ಳುತ್ತೇನೆ. ಸಾಮಾನ್ಯವಾಗಿ ಸೆಲ್ಲುಗಳು ಒಂದೂವರೆಯಷ್ಟು ಭಾರವನ್ನು ಕೆಡದೆ ತಾಳುತ್ತವೆ, ಆದರೆ ಅದು ಆಪತ್ತಿಗೆ ಇಟ್ಟ ಗಂಟು, ದಿನಖರ್ಚಿಗಲ್ಲ.

ಹಾಗೆಂದು "ಇರಲಿ ದೊಡ್ಡದು" ಎಂದು 5 ಟನ್ ಸೆಲ್ಲಿನಲ್ಲಿ 10 ಕೆ.ಜಿ. ತೂಗಲು ಹೊರಡಬೇಡಿ. 5 ಟನ್ನಿಗೆ 20 ಮಿಲಿವೋಲ್ಟ್ ಕೊಡುವುದು 10 ಕೆ.ಜಿ.ಗೆ ಕೊಡುವುದು 40 ಮೈಕ್ರೋವೋಲ್ಟ್. ಪಕ್ಕದಲ್ಲಿ ಮೋಟರ್ ಚಾಲೂ ಆದರೆ ಕೇಬಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಗದ್ದಲ ಹುಟ್ಟುತ್ತದೆ. "ನಮ್ಮ ಬೋರ್ಡು 24 ಬಿಟ್" ಎನ್ನುವವರಿಗೂ ಇದೇ ಉತ್ತರ. ಸೆಲ್ಲಿನ ಸಿಗ್ನಲ್ಲನ್ನು ಅಂಕಿಯಾಗಿ ಮಾಡಲು ಹುಡುಗರೆಲ್ಲ ಬಳಸುವ ಎಚ್‌ಎಕ್ಸ್711 ಚಿಪ್ 1 ಕೋಟಿ 67 ಲಕ್ಷ ಮೆಟ್ಟಿಲು ಎಣಿಸುತ್ತದೆ ನಿಜ, ಕೊನೆಯ ಹಲವು ಮೆಟ್ಟಿಲುಗಳು ಬರೀ ಗದ್ದಲ. ಸೆಲ್ಲಿನ ಮೇಲೆ ಸಿ3 ಎಂದಿದ್ದರೆ ಅದು 3000 ಭಾಗ ಮಾಡಲು ಯೋಗ್ಯ ಎಂದರ್ಥ. 30 ಕೆ.ಜಿ.ಯ ತಕ್ಕಡಿಯಾದರೆ 10 ಗ್ರಾಂ. ಅದರ ಮುಂದೆ ಡಿಸ್‌ಪ್ಲೇ ತೋರಿಸುವ ಅಂಕಿ ಅಲಂಕಾರಕ್ಕೆ.

ಸೆಲ್ ಯಾವ ಲೋಹದ್ದು ಎನ್ನುವುದನ್ನು ಜಾಗ ಹೇಳುತ್ತದೆ. ಒಣ ಅಂಗಡಿಗೆ ಅಲ್ಯೂಮಿನಿಯಂ, ಕಾರ್ಖಾನೆಗೆ ನಿಕ್ಕಲ್ ಲೇಪದ ಉಕ್ಕು. ದಿನಾ ನೀರು ಹೊಡೆದು ತೊಳೆಯುವ ಡೇರಿಗೆ, ಮಂಗಳೂರು ಕಾರವಾರದ ಉಪ್ಪು ಗಾಳಿಗೆ ಪೂರ್ತಿ ವೆಲ್ಡ್ ಮಾಡಿ ಮುಚ್ಚಿದ ಸ್ಟೇನ್‌ಲೆಸ್ ಸೆಲ್. ಅಲ್ಲಿ ಐಪಿ67 (ದೂಳು, ನೀರು ಒಳಹೋಗದ ದರ್ಜೆ) ಕೂಡ ಕನಿಷ್ಠವೇ. ಬಿಸಿಯನ್ನೂ ನೋಡಿ. ಹೆಚ್ಚಿನ ಸೆಲ್ಲುಗಳ ತಾಪದ ಹೊಂದಾಣಿಕೆ 40 ಡಿಗ್ರಿಯವರೆಗೆ. ಕಲಬುರಗಿಯಲ್ಲಿ ಏಪ್ರಿಲ್‌ನ ನೆರಳೇ 40 ದಾಟುತ್ತದೆ, ಬಿಸಿಲಿಗೆ ಬಿದ್ದ ಕಬ್ಬಿಣದ ಡೆಕ್ಕಿನ ಮಾತು ಬಿಡಿ. ಮಧ್ಯಾಹ್ನ ಸೊನ್ನೆ ಜರುಗಿದರೆ ಸೆಲ್ ಕೆಟ್ಟಿತೆಂದು ಓಡಬೇಡಿ, ನೆರಳು ಮಾಡಿ.

ಸೆಲ್ಲುಗಳು ಸಾಯುವುದು ಭಾರದಿಂದ ಅಪರೂಪ. ಇಲಿ ಕೇಬಲ್ ಕಡಿಯುತ್ತದೆ, ಸಿಡಿಲು ಬಡಿಯುತ್ತದೆ, ವೆಲ್ಡರ್ ಹತ್ತಿರದಲ್ಲೇ ಅರ್ತ್ ಕಚ್ಚಿಸದೆ ಡೆಕ್ಕಿನ ಮೇಲೆ ವೆಲ್ಡಿಂಗ್ ಮಾಡಿ ಕರೆಂಟನ್ನೆಲ್ಲ ಸೆಲ್ಲಿನ ಮೂಲಕ ಹಾಯಿಸುತ್ತಾನೆ. ಸೆಲ್ಲಿನ ಆಚೆ ಈಚೆಗೆ ತಾಮ್ರದ ಪಟ್ಟಿ ಕಟ್ಟಿ. ನಾಲ್ಕು ತಂತಿಯ ಸೆಲ್ಲಿನ ಕೇಬಲ್ ಉದ್ದವಾಯಿತೆಂದು ಕತ್ತರಿಸಬೇಡಿ, ಸುತ್ತಿ ಇಡಿ. ಆ ಉದ್ದಕ್ಕೇ ಸೇರಿಸಿ ಹೊಂದಾಣಿಕೆ ಮಾಡಿರುತ್ತಾರೆ.

ಇನ್ನೊಂದು ಸೂಕ್ಷ್ಮ. ಸೆಲ್ ಅಳೆಯುವುದು ಬಲವನ್ನು, ಮಾಲನ್ನಲ್ಲ. ದೆಹಲಿಗಿಂತ ಬೆಂಗಳೂರಿನಲ್ಲಿ ಭೂಮಿಯ ಸೆಳೆತ ಕೊಂಚ ಕಡಿಮೆ: ಅಲ್ಲಿ 9.79, ಇಲ್ಲಿ 9.78. ಅಲ್ಲಿ ತೂಕದ ಕಲ್ಲಿಟ್ಟು ಹೊಂದಿಸಿದ ತಕ್ಕಡಿ ಇಲ್ಲಿ ಕಿಲೋಗೆ ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಈರುಳ್ಳಿಗೆ ನಡೆಯುತ್ತದೆ, ಚಿನ್ನಕ್ಕೆ ನಡೆಯದು. ತಂದು ಇಟ್ಟ ಜಾಗದಲ್ಲೇ ಕಲ್ಲಿಟ್ಟು ಮತ್ತೆ ಹೊಂದಿಸಿ. ಮತ್ತೆ, ನೀವೇ ಕಟ್ಟಿದ ತಕ್ಕಡಿ ಎಷ್ಟೇ ನಿಖರವಿದ್ದರೂ ಅದರಲ್ಲಿ ತೂಗಿ ಮಾರುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ವ್ಯಾಪಾರದ ತಕ್ಕಡಿಗೆ ಮಾದರಿಯ ಅನುಮೋದನೆ ಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯ ಮುದ್ರೆ ಬೀಳಬೇಕು.

ಹಳೆಯ ಸೆಲ್ ಕೊಳ್ಳುವುದಾದರೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಗುಜರಿಯಲ್ಲಿ ಒಳ್ಳೆಯ ಸೆಲ್ಲುಗಳು ಅರ್ಧಕ್ಕರ್ಧ ಬೆಲೆಗೆ ಸಿಗುತ್ತವೆ. ಜೇಬಿನಲ್ಲಿ ಒಂದು ಮಲ್ಟಿಮೀಟರ್, ಒಂದು 9 ವೋಲ್ಟ್ ಬ್ಯಾಟರಿ ಇರಲಿ. ಬಹಳ ಸೆಲ್ಲುಗಳಲ್ಲಿ ಕೆಂಪು, ಕಪ್ಪು ವಿದ್ಯುತ್ ಕೊಡುವ ಜೋಡಿ, ಹಸಿರು, ಬಿಳಿ ಸಿಗ್ನಲ್. ಬಣ್ಣ ಕಂಪನಿಗೊಂದರಂತೆ ಬದಲಾಗುತ್ತದೆ, ಲೇಬಲ್ ಇದ್ದರೆ ನೋಡಿಕೊಳ್ಳಿ. ಮೊದಲು ಓಮ್: ಸಿಗ್ನಲ್ ಜೋಡಿ 350ರ ಹತ್ತಿರ, ವಿದ್ಯುತ್ ಜೋಡಿ ಅದಕ್ಕಿಂತ ಕೊಂಚ ಹೆಚ್ಚು, 400ರ ಆಸುಪಾಸು ಇರಬೇಕು. ಯಾವ ತಂತಿಗೂ ಸೆಲ್ಲಿನ ಮೈಗೂ ನಡುವೆ ಮೀಟರ್ ಅಲ್ಲಾಡಬಾರದು. ಅಲ್ಲಾಡಿದರೆ ಒಳಗೆ ನೀರು ಹೋಗಿದೆ, ಬಿಟ್ಟುಬಿಡಿ. ಈ ತಂತಿಗಳ ನಡುವೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಸೋರಿಕೆ ನೋಡುವ ಮೀಟರ್) ಹಚ್ಚಿ ನೋಡುತ್ತೇನೆ ಎನ್ನುವ ಅಂಗಡಿಯವನಿಂದಂತೂ ಕೊಳ್ಳಲೇಬೇಡಿ.

ಆಮೇಲೆ ಬ್ಯಾಟರಿ ಕಚ್ಚಿಸಿ ಸಿಗ್ನಲ್ ಜೋಡಿಯ ಮಿಲಿವೋಲ್ಟ್ ನೋಡಿ. ಖಾಲಿ ಇರುವಾಗ ಸೊನ್ನೆಯ ಹತ್ತಿರ ಇರಬೇಕು. ಯಾರೋ ಮಿತಿಮೀರಿ ಭಾರ ಹಾಕಿ ಬಾಗಿಸಿದ ಸೆಲ್ ಖಾಲಿಯಲ್ಲೇ ಹಲವು ಮಿಲಿವೋಲ್ಟ್ ತೋರಿಸಿ ಸಿಕ್ಕಿಬೀಳುತ್ತದೆ. 5 ಕೆ.ಜಿ.ಯ ಸೆಲ್ಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ತುದಿಯನ್ನು ಹೆಬ್ಬೆರಳಿನಿಂದ ಅದುಮಿದರೆ ಮೀಟರ್ ಐದಾರು ಮಿಲಿವೋಲ್ಟ್ ಓಡುತ್ತದೆ. ಒಂದು ಟನ್ ಸೆಲ್ಲಿಗೆ ಹೆಬ್ಬೆರಳು ನೊಣಕ್ಕೆ ಸಮ. ಎರಡು ಇಟ್ಟಿಗೆಯ ಮೇಲೆ ಬುಡ ಬಿಗಿಯಾಗಿ ಕೂರಿಸಿ ಅಂಗಡಿಯ ಹುಡುಗನನ್ನೇ ಹತ್ತಿಸಿ. 60 ಕೆ.ಜಿ. ಇದ್ದರೆ ಒಂದು ಮಿಲಿವೋಲ್ಟ್ ಏರುತ್ತದೆ. ಅವನು ಇಳಿದಾಗ ಮೊದಲಿದ್ದ ಅಂಕಿಗೇ ಮರಳಿತೇ ನೋಡಿ, ಇನ್ನೆರಡು ಸಲ ಹತ್ತಿಸಿ ಇಳಿಸಿ, ಆಮೇಲೆ ಚೌಕಾಸಿ ಶುರುಮಾಡಿ.